ಹೊತ್ತಿಗೆ ಸರಿಯಾಗಿ ಕರಗುವ ಕಲ್ಲು

ಕೋವಿಶೀಲ್ಡ್ ಲಸಿಕೆ ಹಾಕಿಸಿಕೊಂಡ ಪ್ರತಿಯೊಬ್ಬರ ಮೇಲೂ ಕ್ಯಾಲ್ಸಿಯಂ ಫಾಸ್ಫೇಟಿನ ಋಣವಿದೆ. ನಮ್ಮ ಮೂಳೆಗೂ ಹಲ್ಲಿಗೂ ಗಟ್ಟಿತನ ಕೊಡುವ ಖನಿಜ ಅದೇ. ಲಸಿಕೆಯೊಳಗೆ ಅದನ್ನು ಹಾಕಿರಲಿಲ್ಲ, ನಿಜ. ಆದರೆ ಲಸಿಕೆಗೆ ಬೇಕಾದ ವೈರಸ್ಸನ್ನು ಬೆಳೆಸಿದ್ದು ‘ಎಚ್‌ಇಕೆ 293’ ಎಂಬ ಜೀವಕೋಶಗಳಲ್ಲಿ, ಆ ಕೋಶಗಳು ಹುಟ್ಟಿದ್ದು ಈ ಖನಿಜದ ನೆರವಿನಿಂದ.

ನಡೆದದ್ದು ಹೀಗೆ. ಕೆನಡಾದ ವಿಜ್ಞಾನಿ ಫ್ರಾಂಕ್ ಗ್ರಹಾಂ 1970ರ ದಶಕದ ಆರಂಭದಲ್ಲಿ ನೆದರ್‌ಲೆಂಡ್ಸಿನ ಲೈಡನ್ನಿನಲ್ಲಿ, ಅಲೆಕ್ಸ್ ವಾನ್ ಡರ್ ಎಬ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಶೀತಬಾಧೆ ತರುವ ಅಡಿನೊವೈರಸ್ಸಿನ ಡಿಎನ್‌ಎಯನ್ನಷ್ಟೇ ಬೇರ್ಪಡಿಸಿ, ಅದನ್ನು ಜೀವಕೋಶದೊಳಕ್ಕೆ ಕಳಿಸಿದರೆ ಏನಾಗುತ್ತದೆಂದು ನೋಡುವುದು ಅವರ ಉದ್ದೇಶ. ಬರೀ ಡಿಎನ್‌ಎ ಸುರಿದರೆ ಕೋಶ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕ್ಯಾಲ್ಸಿಯಂ ಫಾಸ್ಫೇಟಿನ ಸಣ್ಣ ಕಣಗಳಿಗೆ ಅಂಟಿಸಿ ಸುರಿದಾಗ ಬಿಟ್ಟುಕೊಂಡಿತು. 1973ರಲ್ಲಿ ಇಬ್ಬರೂ ಸೇರಿ ಈ ವಿಧಾನವನ್ನು ಪ್ರಕಟಿಸಿದರು. ಅದೇ ವಿಧಾನದಿಂದ ಗ್ರಹಾಂ ಮನುಷ್ಯ ಭ್ರೂಣದ ಮೂತ್ರಪಿಂಡದ ಕೋಶಗಳಿಗೆ ವೈರಸ್ಸಿನ ಡಿಎನ್‌ಎ ಚೂರುಗಳನ್ನು ಸೇರಿಸಿದರು. ಅದು ಅವರ 293ನೇ ಪ್ರಯೋಗ. ಆ ಸಂಖ್ಯೆಯೇ ಕೋಶಗಳ ಹೆಸರಾಯಿತು. ವೈರಸ್ಸಿನ ಒಂದು ತುಣುಕು ಆ ಕೋಶಗಳ ವರ್ಣತಂತುವಿನಲ್ಲಿ ಶಾಶ್ವತವಾಗಿ ನೆಲೆಯಾಯಿತು. ಲಸಿಕೆಗೆಂದು ಕುಂಟುಮಾಡಿದ ಅಡಿನೊವೈರಸ್ಸಿನಲ್ಲಿ ಸರಿಯಾಗಿ ಆ ತುಣುಕೇ ಇರುವುದಿಲ್ಲ. ಹಾಗಾಗಿ ಅದು ನಮ್ಮ ಮೈಯಲ್ಲಿ ವೃದ್ಧಿಯಾಗಲಾರದು, ಆ ತುಣುಕಿರುವ 293ರಂಥ ಕೋಶಗಳಲ್ಲಿ ಮಾತ್ರ ವೃದ್ಧಿಯಾಗಬಲ್ಲದು.

ಐವತ್ತು ವರ್ಷ ದಾಟಿದ ಈ ವಿಧಾನವನ್ನು ಈಗ ನೆನೆಯಲು ಕಾರಣವಿದೆ. ಜೀನು ಚಿಕಿತ್ಸೆಯ ಬೆಲೆ ಕೇಳಿ ದೇಶವೇ ಬೆಚ್ಚುತ್ತಿರುವ ಕಾಲ ಇದು. ಬೆನ್ನುಹುರಿಯ ನರಗಳು ಸಾಯುತ್ತ ಸ್ನಾಯು ಸೊರಗುವ ಎಸ್‌ಎಂಎ ಎಂಬ ಕಾಯಿಲೆಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಜೊಲ್ಗೆನ್ಸ್ಮಾ ಔಷಧಿಯ ಬೆಲೆ ಆಗ ಸುಮಾರು 21 ಲಕ್ಷ ಡಾಲರು ಇತ್ತು. ನಮ್ಮ ಪತ್ರಿಕೆಗಳಲ್ಲಿ ‘16 ಕೋಟಿಯ ಇಂಜೆಕ್ಷನ್’ ಎಂದು ಸುದ್ದಿಯಾದದ್ದು, ಅಪ್ಪ ಅಮ್ಮಂದಿರು ಮಗುವಿನ ಫೋಟೊ ಹಿಡಿದು ಊರೂರಿನಿಂದ ದೇಣಿಗೆ ಕೇಳಿದ್ದು ಇದಕ್ಕೇ. ಅದರಲ್ಲಿ ಜೀನನ್ನು ಹೊತ್ತೊಯ್ಯುವುದು ಎಎವಿ ಎಂಬ ವೈರಸ್ಸು. ಜೀನಿನ ಸುರುಳಿಯನ್ನು ತಯಾರಿಸುವುದು ಈಗ ಅಷ್ಟೇನೂ ದುಬಾರಿಯಲ್ಲ. ಅದನ್ನು ಹೊತ್ತೊಯ್ಯಬೇಕಾದ ವೈರಸ್ಸನ್ನು ಶುದ್ಧವಾಗಿ, ಒಬ್ಬ ರೋಗಿಗೆ ಕೋಟಿ ಕೋಟಿ ಲೆಕ್ಕದಲ್ಲಿ ಬೆಳೆಸುವುದು ದುಬಾರಿ. ವೈರಸ್ಸಿನ ಬದಲು ಖನಿಜದ ಕಣವೊಂದು ಆ ಕೆಲಸ ಮಾಡಬಹುದೇ? ಮಾಡಬೇಕಾದರೆ ಆ ಕಣವನ್ನು ಹೇಗೆಲ್ಲ ತಿದ್ದಬೇಕು? ಅರ್ಧ ಶತಮಾನದ ಸಂಶೋಧನೆ ಸುತ್ತುತ್ತಿರುವುದು ಈ ಪ್ರಶ್ನೆಗಳ ಸುತ್ತ.

ವೈರಸ್ಸುಗಳ ಬಗ್ಗೆ ಅಗೌರವದಿಂದ ಹೀಗೆ ಹೇಳುತ್ತಿಲ್ಲ. ಕೋಶದೊಳಗೆ ನುಗ್ಗುವುದನ್ನು ಕೋಟ್ಯಂತರ ವರ್ಷಗಳಿಂದ ಕಲಿತವು ಅವು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ, ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಅಂಗವಾಗಿರುವ ಕಾಂಡಕೋಶ ಸಂಶೋಧನಾ ಕೇಂದ್ರದ ಜೊತೆಗೂಡಿ, ಹಿಮೋಫಿಲಿಯಾ ಇದ್ದ ಐವರಿಗೆ ಲೆಂಟಿವೈರಸ್ ಬಳಸಿ ಜೀನು ಚಿಕಿತ್ಸೆ ಕೊಟ್ಟರು. 2024ರ ಡಿಸೆಂಬರಿನಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಚಿಕಿತ್ಸೆಯ ನಂತರ ಆ ಐವರಲ್ಲಿ ಒಬ್ಬರಿಗೂ ರಕ್ತಸ್ರಾವವಾಗಲಿಲ್ಲ. ಹೆಮ್ಮೆಪಡಬೇಕಾದ ಕೆಲಸ ಅದು. ಆದರೂ ವೈರಸ್ಸುಗಳಿಗೆ ಮಿತಿಗಳಿವೆ. ಎಎವಿಯೊಳಗೆ ಹಿಡಿಸುವುದು ಸುಮಾರು 4,700 ಅಕ್ಷರಗಳಷ್ಟು ಉದ್ದದ ಡಿಎನ್‌ಎ ಮಾತ್ರ. ಡುಶೆನ್ ಸ್ನಾಯುಕ್ಷಯದಲ್ಲಿ ಕೆಡುವ ಡಿಸ್ಟ್ರೊಫಿನ್ ಜೀನಿನ ಪ್ರೋಟೀನು ಬರೆಯುವ ಭಾಗವೇ 11,000 ಅಕ್ಷರ ಮೀರುತ್ತದೆ. ಒಮ್ಮೆ ಒಳಬಂದ ವೈರಸ್ಸನ್ನು ದೇಹ ನೆನಪಿಟ್ಟುಕೊಳ್ಳುವುದರಿಂದ ಎರಡನೆಯ ಡೋಸು ಕೊಡುವುದು ಕಷ್ಟ. ದೇಹದ ಪ್ರತಿರೋಧ ಮಿತಿಮೀರಿದರೆ ಪ್ರಾಣಾಪಾಯವೂ ಇದೆ. 1999ರ ಸೆಪ್ಟೆಂಬರಿನಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ಅಡಿನೊವೈರಸ್ ಚುಚ್ಚಿಸಿಕೊಂಡ 18ರ ಹರೆಯದ ಜೆಸ್ಸಿ ಗೆಲ್ಸಿಂಗರ್ ನಾಲ್ಕೇ ದಿನಗಳಲ್ಲಿ ತೀರಿಕೊಂಡ. ಖನಿಜದ ಕಣಗಳತ್ತ ಸಂಶೋಧಕರು ಮತ್ತೆ ಗಂಭೀರವಾಗಿ ತಿರುಗಿದ್ದಕ್ಕೆ ಆ ಸಾವೂ ಒಂದು ಕಾರಣ.

ಗ್ರಹಾಂ ಮತ್ತು ವಾನ್ ಡರ್ ಎಬ್ ಅವರ ವಿಧಾನ ನೋಡಲು ಸರಳ. ಒಂದು ಕೊಳವೆಯಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಡಿಎನ್‌ಎ. ಇನ್ನೊಂದರಲ್ಲಿ ಫಾಸ್ಫೇಟ್ ಕರಗಿಸಿದ ಉಪ್ಪುನೀರು. ಎರಡನ್ನೂ ಬೆರೆಸಿದರೆ ನೀರು ತುಸು ಮಬ್ಬಾಗುತ್ತದೆ. ಆ ಮಬ್ಬೇ ಖನಿಜದ ಕಣಗಳು. ಡಿಎನ್‌ಎಯ ಉದ್ದಕ್ಕೂ ಋಣಾವೇಶವಿದೆ. ಜೀವಕೋಶದ ಹೊರಮೈಯಲ್ಲೂ ಋಣಾವೇಶ. ಎರಡೂ ಒಂದನ್ನೊಂದು ದೂಡುತ್ತವೆ. ಧನಾವೇಶದ ಕ್ಯಾಲ್ಸಿಯಂ ನಡುವೆ ಬಂದು ಎರಡನ್ನೂ ಹಿಡಿದುಕೊಳ್ಳುತ್ತದೆ. ಅಳತೆಯೂ ಬದಲಾಗುತ್ತದೆ: 5,000 ಅಕ್ಷರಗಳ ಡಿಎನ್‌ಎ ಉಂಗುರವನ್ನು ಬಿಡಿಸಿ ನೇರವಾಗಿ ಎಳೆದರೆ 1.7 ಮೈಕ್ರಾನ್ ಉದ್ದ, ಅಂದರೆ 1,700 ನ್ಯಾನೊಮೀಟರ್. ಅದೇ ಡಿಎನ್‌ಎ ಖನಿಜಕ್ಕೆ ಅಂಟಿ ಮುದುಡಿದಾಗ 100 ನ್ಯಾನೊಮೀಟರಿನ ಕಣದಲ್ಲಿ ಹಿಡಿಸುತ್ತದೆ. ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು.

ಕಷ್ಟವಿರುವುದು ಹದದಲ್ಲಿ. ದ್ರಾವಣದ ಪಿಎಚ್ 7.05ರ ಆಸುಪಾಸಿನಲ್ಲೇ ಇರಬೇಕು. ದಶಮಾಂಶದ ನಂತರದ ಅಂಕಿ ಒಂದಿಷ್ಟು ಜರುಗಿದರೂ ಫಲಿತಾಂಶ ನೆಲಕಚ್ಚುತ್ತದೆ. ಬೆಲ್ಲದ ಪಾಕ ಹಿಡಿಯುವವರಿಗೆ ಈ ಸೂಕ್ಷ್ಮ ಚೆನ್ನಾಗಿ ಗೊತ್ತು: ಕೊಂಚ ಮುಂಚೆ ಇಳಿಸಿದರೆ ಎಳೆಯೇ ಬರುವುದಿಲ್ಲ, ಕೊಂಚ ತಡವಾದರೆ ಕಲ್ಲಾಗುತ್ತದೆ. ಇಲ್ಲಿಯೂ ಕಣಗಳು ಹುಟ್ಟಿದ ಕ್ಷಣದಿಂದಲೇ ಬೆಳೆಯತೊಡಗುತ್ತವೆ. ಅರ್ಧ ಗಂಟೆ ಬಿಟ್ಟರೆ ನ್ಯಾನೊ ಹೋಗಿ ಮೈಕ್ರಾನ್ ಗಾತ್ರದ ಗಂಟುಗಳಾಗಿ ತಳದಲ್ಲಿ ಗಸಿ ಕಟ್ಟುತ್ತವೆ. ಅಂಥ ಗಂಟನ್ನು ಕೋಶ ನುಂಗಲಾರದು.

ಇಷ್ಟೆಲ್ಲ ಚಂಚಲವಾಗಿದ್ದರೂ ಈ ವಿಧಾನ ಜೀವವಿಜ್ಞಾನದ ದಿಕ್ಕು ಬದಲಿಸಿತು. 1977ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮೈಕೆಲ್ ವಿಗ್ಲರ್, ರಿಚರ್ಡ್ ಆಕ್ಸೆಲ್ ಮತ್ತು ಸಂಗಡಿಗರು ಇಲಿಯ ಕೋಶಗಳಲ್ಲಿ ಇಲ್ಲದಿದ್ದ ಒಂದು ಜೀನನ್ನು ಇದೇ ಕಣಗಳ ಮೂಲಕ ಸೇರಿಸಿ, ಅದು ಅಲ್ಲಿ ಕೆಲಸ ಮಾಡುವುದನ್ನು ತೋರಿಸಿದರು. ಎರಡು ವರ್ಷದ ಬಳಿಕ ಎಂಐಟಿಯಲ್ಲಿ ರಾಬರ್ಟ್ ವೈನ್‌ಬರ್ಗ್ ಅವರ ತಂಡ ಕ್ಯಾನ್ಸರ್ ಕೋಶಗಳ ಡಿಎನ್‌ಎಯನ್ನು ಹೀಗೆಯೇ ಆರೋಗ್ಯವಂತ ಕೋಶಗಳಿಗೆ ದಾಟಿಸಿದಾಗ ಅವೂ ಕ್ಯಾನ್ಸರಿನ ಸ್ವಭಾವ ತಳೆದವು. ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ರಾಸ್ ಜೀನು ಸಿಕ್ಕಿದ್ದು ಈ ಹಾದಿಯಲ್ಲಿ.

ಇನ್ನು ಈ ಖನಿಜದ ನಿಜವಾದ ಗುಣಕ್ಕೆ ಬರೋಣ. ಜೀನು ಸಾಗಣೆಯ ಸುದ್ದಿಗಳಲ್ಲಿ ಕಣ ಕೋಶದ ಒಳಗೆ ಹೋಯಿತು ಎಂಬುದಕ್ಕೇ ಹೆಚ್ಚು ಒತ್ತು. ನನ್ನ ಮಟ್ಟಿಗೆ ಅದು ಕಥೆಯ ಸುಲಭದ ಭಾಗ. ಕೋಶ ಕಣವನ್ನು ಮುಟ್ಟಿದೊಡನೆ ತನ್ನ ಹೊರಪೊರೆಯನ್ನು ಒಳಕ್ಕೆ ಮಡಚಿ, ಕಣವನ್ನು ಸುತ್ತುವರಿದು, ಒಂದು ಪುಟ್ಟ ಚೀಲ ಮಾಡಿಕೊಳ್ಳುತ್ತದೆ. ಎಂಡೋಸೋಮ್ ಎಂದು ಅದರ ಹೆಸರು. ಕಣ ಈಗ ಕೋಶದೊಳಗಿದೆ, ಆದರೆ ಬಂದಿ. ಚೀಲದ ಪೊರೆಯಲ್ಲಿರುವ ಪಂಪುಗಳು ಒಳಗೆ ಆಮ್ಲ ತುಂಬತೊಡಗುತ್ತವೆ. ಹೊರಗೆ 7.4 ಇದ್ದ ಪಿಎಚ್ ಇಲ್ಲಿ 6ಕ್ಕೆ, ಆಮೇಲೆ 5ರ ಹತ್ತಿರಕ್ಕೆ ಇಳಿಯುತ್ತದೆ. ಕೊನೆಗೆ ಆ ಚೀಲ ಡಿಎನ್‌ಎಯನ್ನು ಚೂರುಚೂರು ಮಾಡುವ ಕಿಣ್ವಗಳಿರುವ ಲೈಸೊಸೋಮಿನೊಂದಿಗೆ ಬೆರೆಯುತ್ತದೆ. ಅಷ್ಟರೊಳಗೆ ತಪ್ಪಿಸಿಕೊಳ್ಳದಿದ್ದರೆ ಜೀನಿನ ಕಥೆ ಮುಗಿಯಿತು. ಬಹುಪಾಲು ಜೀನುಗಳ ಪ್ರಯಾಣ ಮುಗಿಯುವುದು ಇಲ್ಲೇ.

ಕ್ಯಾಲ್ಸಿಯಂ ಫಾಸ್ಫೇಟ್ ಉಳಿದ ವಾಹಕಗಳಿಗಿಂತ ಭಿನ್ನವಾಗುವುದು ಈ ಚೀಲದೊಳಗೆ. ರಕ್ತದ ಪಿಎಚ್‌ನಲ್ಲಿ ಅದು ಕಲ್ಲು, ಕರಗುವುದಿಲ್ಲ. ಆಮ್ಲ ತಗುಲಿದರೆ ಕರಗುತ್ತದೆ. ಹಲ್ಲು ಹುಳುಕಾಗುವುದೂ ಇದೇ ರಸಾಯನ ಕ್ರಿಯೆಯಿಂದ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಟ್ಟಾಗ, ಪಿಎಚ್ 5.5ಕ್ಕಿಂತ ಇಳಿದರೆ ಹಲ್ಲಿನ ಎನಾಮೆಲ್ ಕರಗತೊಡಗುತ್ತದೆ. ಮೂಳೆಯನ್ನು ಹೊಸದಾಗಿ ಕಟ್ಟುವ ಮುನ್ನ ಹಳೆಯದನ್ನು ಕರಗಿಸುವ ಕೋಶಗಳೂ ಆಮ್ಲವನ್ನೇ ಬಳಸುತ್ತವೆ. ಹಲ್ಲಿಗೆ ಶತ್ರುವಾದ ಅದೇ ಆಮ್ಲ ಇಲ್ಲಿ ಬೀಗ ತೆಗೆಯುತ್ತದೆ. ಚೀಲದೊಳಗೆ ಕಣ ಕರಗಿ, ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಅಯಾನುಗಳು ತುಂಬಿಕೊಂಡು, ಅವುಗಳ ಹಿಂದೆ ನೀರೂ ನುಗ್ಗಿ, ಚೀಲ ಉಬ್ಬಿ ಸೋರುತ್ತದೆ ಎಂಬುದು ಹೆಚ್ಚಿನವರು ಒಪ್ಪಿರುವ ವಿವರಣೆ. ಡಿಎನ್‌ಎ ಹೊರಬೀಳುತ್ತದೆ. ಉಳಿದ ಖನಿಜದ ಅಯಾನುಗಳು ದೇಹಕ್ಕೆ ಅಪರಿಚಿತವಲ್ಲ. ಮೂಳೆಗೋ ಮೂತ್ರಕ್ಕೋ ಸೇರುತ್ತವೆ.

ಅಂದರೆ ಒಳ್ಳೆಯ ವಾಹಕಕ್ಕೆ ಎರಡು ವಿರುದ್ಧ ಗುಣಗಳು ಬೇಕು. ಹೊರಗಿದ್ದಾಗ ಬಿಗಿಮುಷ್ಟಿ, ಒಳಗೆ ಹೋದಮೇಲೆ ಧಾರಾಳ. ಬಹಳ ಗಟ್ಟಿಯಾದ ಕಣ ಚೀಲದೊಳಗೆ ಕರಗದೆ ಜೀನನ್ನು ಹಿಡಿದೇ ಇರುತ್ತದೆ. ಬಹಳ ಮೆತ್ತಗಿನ ಕಣ ರಕ್ತದಲ್ಲೇ ಜೀನನ್ನು ಕಳೆದುಕೊಳ್ಳುತ್ತದೆ. ಖನಿಜದ ಕಣಗಳನ್ನು ‘ಮಾರ್ಪಡಿಸುವುದು’ ಎಂದು ವಿಜ್ಞಾನಿಗಳು ಹೇಳುವ ಕೆಲಸದ ದೊಡ್ಡ ಪಾಲು ಈ ಎರಡರ ನಡುವಿನ ಸಮಯವನ್ನು ಹೊಂದಿಸುವುದೇ ಆಗಿದೆ.

ಹೊಂದಿಸಲು ಹಲವು ದಾರಿ. ಟೋಕಿಯೊ ತಾಂತ್ರಿಕ ಸಂಸ್ಥೆಯಲ್ಲಿ ಎಜಾರುಲ್ ಹಕ್ ಚೌಧುರಿ ಮತ್ತು ತೊಶಿಹಿರೊ ಅಕಾಯ್ಕೆ ಖನಿಜದ ಹರಳಿನೊಳಕ್ಕೇ ಕೈ ಹಾಕಿದರು. ಹರಳಿನಲ್ಲಿ ಕೆಲವು ಫಾಸ್ಫೇಟುಗಳ ಜಾಗಕ್ಕೆ ಕಾರ್ಬೊನೇಟ್ ಸೇರಿಸಿದರೆ ಹರಳಿನ ಕಟ್ಟು ಸಡಿಲವಾಗಿ ಆಮ್ಲದಲ್ಲಿ ಬೇಗ ಕರಗುತ್ತದೆ. ಮೆಗ್ನೀಸಿಯಂ ಸೇರಿಸಿದರೆ ಹರಳು ಬೆಳೆಯುವುದು ನಿಧಾನವಾಗಿ ಕಣ ಚಿಕ್ಕದಾಗಿಯೇ ಉಳಿಯುತ್ತದೆ. ನಮ್ಮ ಮೂಳೆಯ ಖನಿಜದಲ್ಲೂ ಕಾರ್ಬೊನೇಟ್ ಬೆರೆತಿದೆ ಎಂಬುದನ್ನು ನೆನೆದರೆ ಇದು ಪ್ರಕೃತಿ ಮೊದಲೇ ಮಾಡಿಟ್ಟ ತಿದ್ದುಪಡಿ. ಫ್ಲೋರೈಡ್ ಮಾಡುವುದು ಇದಕ್ಕೆ ತದ್ವಿರುದ್ಧ. ಹರಳಿಗೆ ಅದು ಸೇರಿದರೆ ಆಮ್ಲಕ್ಕೆ ಜಗ್ಗುವುದು ಕಡಿಮೆಯಾಗುತ್ತದೆ. ಟೂತ್‌ಪೇಸ್ಟಿನಲ್ಲಿ ಹಾಕುವುದು ಅದಕ್ಕಾಗಿಯೇ. ಒಂದೆರಡು ಅಯಾನು ಆಚೀಚೆ ಮಾಡಿ ಕಲ್ಲಿನ ಸ್ವಭಾವವನ್ನು ಹೀಗೆ ಬೇಕಾದತ್ತ ಬಾಗಿಸಬಹುದೆಂಬುದೇ ನನಗೆ ಈ ವಿಜ್ಞಾನದಲ್ಲಿ ಅತ್ಯಂತ ಸೊಗಸಾಗಿ ಕಾಣುವ ಸಂಗತಿ.

ಜರ್ಮನಿಯ ಎಸೆನ್ನಿನಲ್ಲಿ ಮಥಿಯಾಸ್ ಎಪ್ಲೆ ಅವರ ತಂಡ ಪದರಗಳ ದಾರಿ ಹಿಡಿಯಿತು. ಕ್ಯಾಲ್ಸಿಯಂ ಫಾಸ್ಫೇಟಿನ ಕಣ, ಅದರ ಮೇಲೆ ಡಿಎನ್‌ಎ, ಅದರ ಮೇಲೆ ಮತ್ತೆ ಖನಿಜ, ಕೊನೆಗೆ ಮತ್ತೊಂದು ಪದರ ಡಿಎನ್‌ಎ. ಒಳಪದರದ ಡಿಎನ್‌ಎಗೆ ಮೇಲಿನ ಖನಿಜವೇ ರಕ್ಷೆ, ಕಿಣ್ವಗಳು ಮುಟ್ಟಲಾರವು. ಹೊರಪದರದ ಡಿಎನ್‌ಎಯ ಋಣಾವೇಶದಿಂದ ಕಣಗಳು ಒಂದನ್ನೊಂದು ದೂಡಿ ಗಂಟುಕಟ್ಟುವುದಿಲ್ಲ. ನಾರ್ತ್ ಕೆರೊಲೈನಾದಲ್ಲಿ ಲೀಫ್ ಹುವಾಂಗ್ ಅವರ ಪ್ರಯೋಗಾಲಯ ಖನಿಜದ ತಿರುಳಿಗೆ ಕೊಬ್ಬಿನ ಪೊರೆ ಹೊದಿಸಿತು. ದೆಹಲಿ ವಿಶ್ವವಿದ್ಯಾಲಯದ ಅಮರನಾಥ್ ಮೈತ್ರಾ ಅವರ ಗುಂಪಿನ ಕೆಲಸವೂ ಇಲ್ಲಿ ಹೆಸರಿಸಬೇಕಾದದ್ದು. ಎಣ್ಣೆಯಂಥ ದ್ರವದಲ್ಲಿ ತೇಲುವ, ನ್ಯಾನೊ ಗಾತ್ರದ ನೀರಿನ ಹನಿಗಳೊಳಗೆ ಅವರು ಖನಿಜವನ್ನು ಹುಟ್ಟಿಸಿದರು. ಹನಿಯ ಗೋಡೆ ದಾಟಿ ಕಣ ಬೆಳೆಯುವಂತಿಲ್ಲವಾದ್ದರಿಂದ ಗಾತ್ರ ಹತೋಟಿಯಲ್ಲಿರುತ್ತದೆ, ಡಿಎನ್‌ಎಯೂ ಕಣದ ಮೇಲ್ಮೈಗಲ್ಲದೆ ಹೊಟ್ಟೆಯೊಳಗೇ ಸೇರಿಕೊಳ್ಳುತ್ತದೆ. 2003ರಲ್ಲಿ ಅದು ಪ್ರಕಟವಾಯಿತು. ಯಕೃತ್ತಿನ ಕೋಶಗಳು ಗುರುತಿಸುವ ಒಂದು ಬಗೆಯ ಸಕ್ಕರೆಯನ್ನು ಕಣದ ಹೊರಮೈಗೆ ಕಟ್ಟಿ, ಜೀನನ್ನು ಯಕೃತ್ತಿನತ್ತ ಕಳಿಸುವ ಪ್ರಯತ್ನವೂ ಅದರಲ್ಲಿತ್ತು.

ಆ ಲೇಖನದ ಲೇಖಕರಲ್ಲೊಬ್ಬರಾದ ಇಂದ್ರಜಿತ್ ರಾಯ್ ಮುಂದೆ ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ, ಭಾರತ ಮೂಲದ ಪಾರಸ್ ಪ್ರಸಾದ್ ಅವರ ತಂಡದಲ್ಲಿ ಇನ್ನೊಂದು ಖನಿಜದ ಮೇಲೆ ಕೆಲಸ ಮಾಡಿದರು. ಅದು ಸಿಲಿಕಾ, ಮರಳಿನ ಮೂಲದ್ರವ್ಯ. ಸಿಲಿಕಾದ ಮೇಲ್ಮೈಯೂ ಋಣಾವೇಶದ್ದೇ, ಡಿಎನ್‌ಎ ಅದಕ್ಕೆ ಅಂಟುವುದಿಲ್ಲ. ಹಾಗಾಗಿ ಅಮೈನ್ ಎಂಬ ಸಾರಜನಕದ ಗುಂಪುಗಳನ್ನು ಅದರ ಮೈಗೆ ಕಟ್ಟಿ ಧನಾವೇಶ ತರಬೇಕು. 2005ರಲ್ಲಿ ಈ ತಂಡ ಮಾರ್ಪಡಿಸಿದ ಸಿಲಿಕಾ ಕಣಗಳಿಗೆ ಜೀನು ಅಂಟಿಸಿ ಬದುಕಿರುವ ಇಲಿಯ ಮೆದುಳಿಗೆ ಚುಚ್ಚಿತು. ನರಕೋಶಗಳಲ್ಲಿ ಜೀನು ಕೆಲಸ ಮಾಡಿತು. ಹಸಿರಾಗಿ ಹೊಳೆಯುವ ಪ್ರೋಟೀನಿನ ಜೀನು ಕೊಟ್ಟದ್ದರಿಂದ ಅದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬಹುದಿತ್ತು. ಇನ್ನೊಂದು ಜೀನು ಕೊಟ್ಟು ಮೆದುಳಿನ ಕಾಂಡಕೋಶಗಳ ವಿಭಜನೆಯನ್ನೇ ಅವರು ಪ್ರಭಾವಿಸಿದರು. ವಿಭಜನೆಯಾಗದ ನರಕೋಶಗಳನ್ನು ವೈರಸ್ಸಿಲ್ಲದೆ ಮುಟ್ಟುವುದು ಆಗದ ಮಾತೆಂದು ಬಹಳ ಮಂದಿ ಭಾವಿಸಿದ್ದ ದಿನಗಳಲ್ಲಿ ಅದೊಂದು ದೊಡ್ಡ ಹೆಜ್ಜೆ.

ಸಿಲಿಕಾ ಎಂದೊಡನೆ ಕೋಲಾರದ ಚಿನ್ನದ ಗಣಿ ನೆನಪಾದರೆ ಅದು ಸಹಜ. ಅದೇ ಸಿಲಿಕಾದ ದೂಳು ಉಸಿರಾಡಿ ಕೆಜಿಎಫ್‌ನ ಕಾರ್ಮಿಕರು ಸಿಲಿಕೋಸಿಸ್‌ನಿಂದ ಶ್ವಾಸಕೋಶ ಕಳೆದುಕೊಂಡರು. ಹಾಗಿದ್ದರೆ ಅದನ್ನು ಔಷಧವೆಂದು ಮೈಗೆ ಚುಚ್ಚುವುದು ಹೇಗೆ? ಗಣಿಯ ದೂಳು ಹರಳಿನ ರೂಪದ ಸಿಲಿಕಾ. ಅದು ದಶಕಗಟ್ಟಲೆ ಕರಗದೆ ಶ್ವಾಸಕೋಶದಲ್ಲಿ ಕುಳಿತು ಗಾಯ ಮಾಡುತ್ತಲೇ ಇರುತ್ತದೆ. ಪ್ರಯೋಗಾಲಯದ ಕಣಗಳು ಹರಳಿನ ಕ್ರಮವಿಲ್ಲದ ಸಿಲಿಕಾ; ನಿಧಾನವಾಗಿ ಕರಗಿ ಮೂತ್ರದಲ್ಲಿ ಹೋಗುತ್ತವೆ. ಆದರೂ ಎಷ್ಟು ನಿಧಾನ, ಯಾವ ಅಂಗದಲ್ಲಿ ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಪ್ರತಿ ಗಾತ್ರಕ್ಕೂ ಪ್ರತಿ ಹೊದಿಕೆಗೂ ಬೇರೆಬೇರೆಯಾಗಿ ಅಳೆಯಲೇಬೇಕು. ಒಂದು ಬಗೆಯ ಸಿಲಿಕಾ ಸುರಕ್ಷಿತವೆಂದು ಸಿಕ್ಕ ಪ್ರಮಾಣಪತ್ರ ಇನ್ನೊಂದಕ್ಕೆ ಸಲ್ಲದು. ಗಣಿಯ ಕೆಲಸಗಾರರ ಶ್ವಾಸಕೋಶಗಳು ಕಲಿಸಿದ ಈ ಪಾಠವನ್ನು ಯಾವ ಪ್ರಯೋಗಾಲಯವೂ ಹಗುರವಾಗಿ ತೆಗೆದುಕೊಳ್ಳಬಾರದು.

ಕ್ಯಾಲ್ಸಿಯಂ ಫಾಸ್ಫೇಟೂ ಪೂರ್ತಿ ನಿರಪಾಯಕಾರಿಯಲ್ಲ. ಕೋಶದ ಹೊರಗೆ ಇರುವ ಕ್ಯಾಲ್ಸಿಯಂ ಅಯಾನಿನ ಸಾಂದ್ರತೆಯ ಹತ್ತು ಸಾವಿರದಲ್ಲೊಂದು ಪಾಲನ್ನಷ್ಟೇ ಕೋಶ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಅದು ಏರಿದರೆ ಕೋಶಕ್ಕೆ ಸಾವಿನ ಸೂಚನೆ ಸಿಕ್ಕಂತೆ. ಅತಿಯಾಗಿ ಕಣಗಳನ್ನು ಸುರಿದರೆ ಜೀನು ತಲುಪುತ್ತದೆ, ತಲುಪಿಸಿಕೊಂಡ ಕೋಶವೇ ಉಳಿದಿರುವುದಿಲ್ಲ.

ಚೀಲದಿಂದ ತಪ್ಪಿಸಿಕೊಂಡ ಡಿಎನ್‌ಎಗೂ ನೆಮ್ಮದಿಯಿಲ್ಲ. ಅದು ಸೇರಬೇಕಾದದ್ದು ಕೋಶಕೇಂದ್ರದೊಳಗೆ. ಕೇಂದ್ರದ ಸುತ್ತಲಿನ ಪೊರೆಯಲ್ಲಿರುವ ರಂಧ್ರಗಳು ಕಿರಿದು, ದೊಡ್ಡ ಡಿಎನ್‌ಎ ಉಂಗುರ ತಾನಾಗಿ ನುಸುಳುವಂತಿಲ್ಲ. ಕೋಶ ವಿಭಜನೆಯಾಗುವಾಗ ಮಾತ್ರ ಆ ಪೊರೆ ಕರಗಿ ಮತ್ತೆ ಕಟ್ಟಿಕೊಳ್ಳುತ್ತದೆ. ಡಿಎನ್‌ಎ ಒಳಸೇರುವುದು ಹೆಚ್ಚಾಗಿ ಆ ಗಳಿಗೆಯಲ್ಲಿ. ಬಟ್ಟಲಿನಲ್ಲಿ ಸರಸರನೆ ಬೆಳೆಯುವ 293 ಕೋಶಗಳಲ್ಲಿ ಫಲಿತಾಂಶ ಅದ್ಭುತವಾಗಿರುವುದೂ, ಹೃದಯದ ಸ್ನಾಯುವಿನಲ್ಲಿ ಸಪ್ಪೆಯಾಗುವುದೂ ಇದರಿಂದಲೇ. ಮೈಗೆ ಚುಚ್ಚಿದಾಗ ಇನ್ನೊಂದು ತೊಡಕು. ರಕ್ತದ ಪ್ರೋಟೀನುಗಳು ಕ್ಷಣದಲ್ಲಿ ಕಣದ ಮೈಗೆ ಅಂಟುತ್ತವೆ, ಯಕೃತ್ತು ಮತ್ತು ಗುಲ್ಮದ ಕಾವಲು ಕೋಶಗಳು ಅದನ್ನು ಹಿಡಿದು ನುಂಗುತ್ತವೆ. ಎಂಆರ್‌ಎನ್‌ಎ ಲಸಿಕೆಗಳು ಈ ಎರಡು ತೊಡಕುಗಳಲ್ಲಿ ಮೊದಲನೆಯದನ್ನು ಜಾಣತನದಿಂದ ತಪ್ಪಿಸಿಕೊಂಡವು. ಆರ್‌ಎನ್‌ಎಗೆ ಕೋಶಕೇಂದ್ರದ ಹಂಗಿಲ್ಲ, ಕೋಶರಸಕ್ಕೆ ಬಂದರೆ ಸಾಕು. ಅವುಗಳನ್ನು ಹೊತ್ತದ್ದು ಕೊಬ್ಬಿನ ನ್ಯಾನೊ ಕಣಗಳು. 2020ರ ನಂತರ ಹಣವೂ ಗಮನವೂ ಆ ಕಡೆಗೆ ಹರಿದದ್ದರಲ್ಲಿ ಆಶ್ಚರ್ಯವಿಲ್ಲ.

ಹುಟ್ಟಿನಿಂದ ಬಂದ ಕಾಯಿಲೆಯನ್ನು ಬದುಕಿಡೀ ವಾಸಿಮಾಡುವ ಜೀನು ಚಿಕಿತ್ಸೆಯಲ್ಲಿ ಖನಿಜದ ಕಣಗಳು ವೈರಸ್ಸನ್ನು ಸದ್ಯಕ್ಕೆ ಸ್ಥಳಾಂತರಿಸಲಾರವು ಎಂದೇ ನನ್ನ ಅಂದಾಜು. ಅವು ತಂದ ಜೀನು ವರ್ಣತಂತುವಿಗೆ ಸೇರದೆ ಹಾಗೇ ತೇಲುತ್ತಿದ್ದು, ಕೆಲವು ವಾರಗಳಲ್ಲಿ ಮೌನವಾಗುತ್ತದೆ. ಆದರೆ ಕೆಲವು ವಾರ ಸಾಕಾಗುವ ಕಾಯಿಲೆಗಳೂ ಇವೆಯಲ್ಲ? ಮುರಿದ ಮೂಳೆ ಅಂಥದ್ದು. ಅಲ್ಲಿ ಜೀನು ಸದಾ ಚಾಲ್ತಿಯಲ್ಲಿದ್ದರೇ ಅಪಾಯ.

ಮೂಳೆ ಬೆಳೆಸುವ ಪ್ರೋಟೀನಿನ ಜಾಡು ಸಿಕ್ಕಿದ್ದು 1965ರಲ್ಲಿ. ಅಮೆರಿಕದ ಮೂಳೆತಜ್ಞ ಮಾರ್ಷಲ್ ಯೂರಿಸ್ಟ್ ಖನಿಜ ತೆಗೆದ ಮೂಳೆಯ ತುಂಡನ್ನು ಪ್ರಾಣಿಯ ಸ್ನಾಯುವಿನಲ್ಲಿ ಹುದುಗಿಸಿದಾಗ ಅಲ್ಲಿ ಹೊಸ ಮೂಳೆ ಹುಟ್ಟಿತು. ಅದರ ಹಿಂದಿದ್ದ ಪ್ರೋಟೀನುಗಳಲ್ಲೊಂದಾದ ಬಿಎಂಪಿ-2 ಔಷಧಿಯಾಗಿ 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಪ್ರೋಟೀನು ದೇಹದಲ್ಲಿ ಬೇಗ ನಾಶವಾಗುವುದರಿಂದ ಸಹಜ ಮಟ್ಟಕ್ಕಿಂತ ಬಹುಪಟ್ಟು ಹೆಚ್ಚು ಒಮ್ಮೆಲೇ ಸುರಿಯಬೇಕಿತ್ತು. ಬೇಡದ ಕಡೆ ಮೂಳೆ ಬೆಳೆಯಿತು. ಕುತ್ತಿಗೆಯ ಶಸ್ತ್ರಚಿಕಿತ್ಸೆಯಲ್ಲಿ ಬಳಸಿದಾಗ ಗಂಟಲು ಬಾತು ಉಸಿರಾಟಕ್ಕೇ ತೊಂದರೆಯಾದ ಪ್ರಕರಣಗಳಿಂದಾಗಿ 2008ರಲ್ಲಿ ಅಲ್ಲಿನ ಔಷಧ ನಿಯಂತ್ರಕರು ಎಚ್ಚರಿಕೆ ಕೊಟ್ಟರು. ಪ್ರೋಟೀನಿನ ಬದಲು ಅದರ ಜೀನನ್ನೇ ಮುರಿದ ಜಾಗಕ್ಕೆ ಕೊಟ್ಟರೆ, ಅಲ್ಲಿನ ಕೋಶಗಳೇ ಬೇಕಾದಷ್ಟನ್ನು, ಬೇಕಾದಷ್ಟು ದಿನ ತಯಾರಿಸಿಕೊಳ್ಳುತ್ತವೆ. ಡಬ್ಲಿನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನಲ್ಲಿ ಫರ್ಗಲ್ ಓಬ್ರಿಯನ್ ಅವರ ತಂಡ ಮಾಡಿದ್ದು ಅದನ್ನೇ. ಕೊಲಾಜೆನ್ನಿನ ಸ್ಪಂಜಿನಂಥ ಚೌಕಟ್ಟು, ಅದರ ತುಂಬ ಮೂಳೆಖನಿಜದ ನ್ಯಾನೊ ಕಣ, ಕಣಗಳಿಗೆ ಅಂಟಿದ ಜೀನು. ಬಿಎಂಪಿ-2 ಜೊತೆಗೆ ರಕ್ತನಾಳ ಬೆಳೆಸುವ ಪ್ರೋಟೀನಿನ ಜೀನನ್ನೂ ಸೇರಿಸಿ, ತಾನಾಗಿ ಮುಚ್ಚಿಕೊಳ್ಳದಷ್ಟು ದೊಡ್ಡ ಕುಳಿಯಿರುವ ಇಲಿಯ ತಲೆಬುರುಡೆಯಲ್ಲಿ ಇಟ್ಟಾಗ ನಾಲ್ಕು ವಾರಗಳಲ್ಲಿ ಹೊಸ ಮೂಳೆ ಗಣನೀಯವಾಗಿ ಬೆಳೆದಿತ್ತು. ಖನಿಜಕ್ಕೆ ಇಲ್ಲಿ ಎರಡು ಕೆಲಸ: ಮೊದಲು ಜೀನು ಹೊರುವುದು, ಆಮೇಲೆ ಕರಗಿ ಹೊಸ ಮೂಳೆಗೆ ಕಚ್ಚಾವಸ್ತುವಾಗುವುದು. ರಸ್ತೆ ಅಪಘಾತಗಳಲ್ಲಿ ಮೂಳೆ ಚೂರಾಗಿ ಆಸ್ಪತ್ರೆ ಸೇರುವವರ ಸಂಖ್ಯೆ ನಮ್ಮಲ್ಲಿ ಎಷ್ಟಿದೆ ಎಂದು ಬಲ್ಲವರು ಈ ಸಂಶೋಧನೆಯನ್ನು ಆಸೆಗಣ್ಣಿನಿಂದ ನೋಡುತ್ತಾರೆ. ಜೀನು ಹೊತ್ತ ಖನಿಜದ ಕಣಗಳು ಮನುಷ್ಯರಿಗೆ ನಿತ್ಯದ ಚಿಕಿತ್ಸೆಯಾಗಿ ಬರುವುದಾದರೆ ಮೊದಲು ಬರುವುದು ಈ ಬಾಗಿಲಿನಿಂದಲೇ ಎಂದು ನನಗನ್ನಿಸುತ್ತದೆ.

ಇನ್ನೊಂದು ಬಾಗಿಲು ಹೊಲದ ಕಡೆಗೆ ತೆರೆದಿದೆ, ಅದರ ಹಿಂದಿರುವುದು ಜೇಡಿಯಂಥ ಖನಿಜ. ಮೆಗ್ನೀಸಿಯಂ ಮತ್ತು ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ತೆಳ್ಳನೆಯ ಹಾಳೆಗಳು ಒಂದರ ಮೇಲೊಂದು ಕೂತ ರಚನೆ ಅದರದು. ಹೈಡ್ರೊಟಾಲ್ಸೈಟ್ ಎಂಬ ಹೆಸರಿನ ಈ ಬಗೆಯ ಖನಿಜವನ್ನು ಹೊಟ್ಟೆಯುರಿಗೆ ಆಮ್ಲಶಾಮಕವಾಗಿ ಕೊಡುವುದುಂಟು, ಏಕೆಂದರೆ ಆಮ್ಲ ಸಿಕ್ಕಿದೊಡನೆ ಅದು ಕರಗಿ ಆಮ್ಲವನ್ನು ಶಮನ ಮಾಡುತ್ತದೆ. ಎಂಡೋಸೋಮಿನ ಆಮ್ಲದೊಳಗೂ ಅದು ಮಾಡುವುದು ಇಷ್ಟನ್ನೇ. ಅದರ ಹಾಳೆಗಳಲ್ಲಿ ಮೊದಲೇ ಧನಾವೇಶವಿರುವುದರಿಂದ ಸಿಲಿಕಾದಂತೆ ತಿದ್ದಬೇಕಿಲ್ಲ. ಹಾಳೆಗಳ ನಡುವೆ ಇರುವ ಸಣ್ಣ ಅಯಾನುಗಳನ್ನು ಹೊರದೂಡಿ ಡಿಎನ್‌ಎ ಅಲ್ಲಿ ಕೂರುತ್ತದೆ. ದಕ್ಷಿಣ ಕೊರಿಯಾದ ಜಿನ್-ಹೊ ಚೊಯ್ ಅವರ ತಂಡ 1999ರಲ್ಲಿ ಇದನ್ನು ತೋರಿಸಿತು.

ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದಲ್ಲಿ ಭಾರತ ಮೂಲದ ನೀನಾ ಮಿಟ್ಟರ್, ಪದಾರ್ಥ ವಿಜ್ಞಾನಿ ಝಿ ಪಿಂಗ್ ಶೂ ಜೊತೆಗೂಡಿ ಆ ಹಾಳೆಗಳ ನಡುವೆ ಡಿಎನ್‌ಎ ಬದಲು ಜೋಡಿ ಎಳೆಯ ಆರ್‌ಎನ್‌ಎ ಇಟ್ಟರು. ‘ಬಯೋಕ್ಲೇ’ ಎಂದು ಅದರ ಹೆಸರು. ವೈರಸ್ಸಿನ ಜೀನಿಗೆ ಹೊಂದುವ ಅಂಥ ಆರ್‌ಎನ್‌ಎ ಎಲೆಯೊಳಗೆ ಸೇರಿದರೆ ಗಿಡ ಅದನ್ನು ಚೂರು ಮಾಡಿ, ಆ ಚೂರಿಗೆ ಹೊಂದುವ ವೈರಸ್ಸಿನ ಆರ್‌ಎನ್‌ಎಯನ್ನು ಹುಡುಕಿ ಕತ್ತರಿಸುತ್ತದೆ. ಗಿಡದ ಸ್ವಂತ ಜೀನುಗಳು ಇದ್ದಂತೆಯೇ ಇರುತ್ತವೆ, ಕುಲಾಂತರಿ ತಳಿಯ ಪ್ರಶ್ನೆಯೇ ಏಳುವುದಿಲ್ಲ. ಬರೀ ಆರ್‌ಎನ್‌ಎ ಸಿಂಪಡಿಸಿದರೆ ಕೆಲವೇ ದಿನಗಳಲ್ಲಿ ಬಿಸಿಲಿಗೆ, ಕಿಣ್ವಗಳಿಗೆ ನಾಶವಾಗುತ್ತದೆ. ಜೇಡಿಯ ಹಾಳೆಗಳ ನಡುವೆ ಅದು ತೊಳೆದರೂ ಹೋಗದೆ ಎಲೆಗೆ ಕಚ್ಚಿಕೊಂಡಿತು. ಗಾಳಿಯ ಇಂಗಾಲದ ಡೈಆಕ್ಸೈಡೂ ತೇವವೂ ಸೇರಿ ಎಲೆಯ ಮೇಲೆ ಉಂಟಾಗುವ ದುರ್ಬಲ ಆಮ್ಲ ಆ ಹಾಳೆಗಳನ್ನು ದಿನದಿಂದ ದಿನಕ್ಕೆ ಕರಗಿಸಿ ಆರ್‌ಎನ್‌ಎಯನ್ನು ಸ್ವಲ್ಪಸ್ವಲ್ಪವೇ ಬಿಡುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದೇ ಸಿಂಪಡಣೆಯಿಂದ ಕನಿಷ್ಠ 20 ದಿನ ಗಿಡಗಳಿಗೆ ವೈರಸ್ಸಿನಿಂದ ರಕ್ಷಣೆ ಸಿಕ್ಕಿತು, ಸಿಂಪಡಣೆಯ ನಂತರ ಚಿಗುರಿದ ಎಲೆಗಳಿಗೂ. 2022ರಲ್ಲಿ ಅದೇ ವಿಶ್ವವಿದ್ಯಾಲಯದವರು ಬಿಳಿನೊಣದ ಮೇಲೂ ಇದು ಕೆಲಸ ಮಾಡುವುದನ್ನು ತೋರಿಸಿದರು. ಎಲೆಯ ನಾಳದಿಂದ ರಸ ಹೀರುವ ಕೀಟವಾದ್ದರಿಂದ ಆರ್‌ಎನ್‌ಎ ಎಲೆಯ ಮೇಲಿದ್ದರೆ ಸಾಲದು, ಒಳಗೆ ಇಳಿಯಬೇಕು; ಜೇಡಿಯ ಕಣಗಳು ಇಳಿಸಿದವು.

ಬಿಳಿನೊಣ ಎಂದರೆ ಹಾವೇರಿ, ಧಾರವಾಡ, ಬಳ್ಳಾರಿ ಕಡೆಯ ಮೆಣಸಿನಕಾಯಿ ಬೆಳೆಗಾರರಿಗೆ ವಿವರಿಸಿ ಹೇಳಬೇಕಾಗಿಲ್ಲ. ಥ್ರಿಪ್ಸ್ ಮತ್ತು ಮೈಟ್ ನುಸಿಗಳ ಜೊತೆ, ಬಿಳಿನೊಣ ಹೊತ್ತು ತರುವ ಎಲೆಸುರುಳಿ ವೈರಸ್ಸೂ ಸೇರಿ ಮುಟುರು ರೋಗವಾಗಿ ಗಿಡ ಮುದುಡಿಸುತ್ತದೆ. ಕೀಟನಾಶಕ ಸಿಂಪಡಿಸಿ ಸಿಂಪಡಿಸಿ ಸಾಲವಾಗುತ್ತದೆ, ಕೀಟ ಅದಕ್ಕೆ ಒಗ್ಗಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಜೇಡಿಯನ್ನು ತಂದು ಇಲ್ಲಿ ನೇರವಾಗಿ ಹೊಡೆದರೆ ಸಾಲದು. ಆರ್‌ಎನ್‌ಎ ಅಕ್ಷರಕ್ಕೆ ಅಕ್ಷರ ಹೊಂದಿದರೆ ಮಾತ್ರ ನಾಟುತ್ತದೆ, ಬಿಳಿನೊಣದಲ್ಲಿ ಒಳಗುಂಪುಗಳು ಹಲವಾರಿವೆ, ವೈರಸ್ಸಿನಲ್ಲೂ ಹಾಗೆಯೇ. ಮೊದಲು ಇಲ್ಲಿನ ಹೊಲಗಳಿಂದಲೇ ಎರಡನ್ನೂ ಹಿಡಿದು ಅವುಗಳ ಜೀನುಗಳನ್ನು ಓದಿಕೊಳ್ಳಬೇಕು. ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಮಾಡಬಲ್ಲ ಕೆಲಸ ಅದು. ಆ ಓದು ಸಿಕ್ಕಮೇಲೆ ಬದಲಿಸಬೇಕಾದದ್ದು ಆರ್‌ಎನ್‌ಎಯ ಅಕ್ಷರಗಳನ್ನು ಮಾತ್ರ. ಹೊರುವ ಜೇಡಿ ಅದೇ, ಅದು ಕರಗುವ ರೀತಿಯೂ ಅದೇ. ವೈರಸ್ಸು ರೂಪ ಬದಲಿಸಿದ ವರ್ಷ ಹೊಸ ಅಕ್ಷರಗಳನ್ನು ಅದೇ ಹಾಳೆಗಳ ನಡುವೆ ತುಂಬಿದರಾಯಿತು.